ಗೋವಿನಜೋಳಕ್ಕೆ ಇಷ್ಟು ದುಡ್ಡಾ?

ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಿಂದ ಮಾತಾಡುತ್ತಿದ್ದೇನೆ. ಈ ಕಾರ್ಯಕ್ರಮ ಕೇಳುವವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿ ಬೆಳೆದವರು, ಕೆಲವರು ಈಗಷ್ಟೇ ಮೊದಲ ಕೆಲಸಕ್ಕೆ ಸೇರಿದವರು. ನಿಮಗೆ ಉಪದೇಶ ಕೊಡುವ ಅಂಕಲ್‌ಗಳು ಬೇಕಾದಷ್ಟಿದ್ದಾರೆ. ಅದಕ್ಕೇ ಇವತ್ತು ಉಪದೇಶ ಬೇಡ. ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ನಡೆದದ್ದು ಒಂದು ರೆಸ್ಟೋರೆಂಟಿನಲ್ಲಿ. ಅದನ್ನು ಸರಿ ಮಾಡಿಕೊಳ್ಳಲು ಹೋದದ್ದೂ ಅದೇ ರೆಸ್ಟೋರೆಂಟಿಗೆ.

2024ರ ವಸಂತದಲ್ಲಿ ನನ್ನ ಮಗಳಿಗೆ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರ ಅವಳು, "ಅಪ್ಪಾ, ಶುಕ್ರವಾರ ಸಂಜೆ ಏನೂ ಇಟ್ಕೋಬೇಡ. ನಿನ್ನನ್ನೂ ಅಮ್ಮನನ್ನೂ ಊಟಕ್ಕೆ ಕರೆದುಕೊಂಡು ಹೋಗ್ತೀನಿ," ಅಂದಳು. ಎಲ್ಲಿಗೆ ಅಂದರೆ ಹೇಳಲಿಲ್ಲ. ಫುಲ್‌ಶೀರ್‌ನಿಂದ ಹೊರಟು ಐ-10 ಹಿಡಿದು ಮುಕ್ಕಾಲು ಗಂಟೆ ಹೋದೆವು. ಡಕೋಮಾ ಸ್ಟ್ರೀಟಿನ ಒಂದು ಸಾಧಾರಣ ಸ್ಟ್ರಿಪ್ ಮಾಲ್ ಮುಂದೆ ಕಾರು ನಿಲ್ಲಿಸಿದಳು. ನಾನು ಇಸ್ತ್ರಿ ಮಾಡಿದ ಶರ್ಟು, ಬ್ಲೇಜರ್ ಹಾಕಿಕೊಂಡು ಬಂದಿದ್ದೆ. ಇದೇನು, ಲಾಂಡ್ರಿಗೆ ಬಂದೆವಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ರೆಸ್ಟೋರೆಂಟಿನ ಹೆಸರು ಟಾಟೆಮೋ. ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಮೆಕ್ಸಿಕೋದಲ್ಲಿ ಹುಟ್ಟಿ ಹ್ಯೂಸ್ಟನ್‌ನಲ್ಲಿ ಬೆಳೆದ ಎಮ್ಯಾನುಯೆಲ್ ಚಾವೆಸ್ ಎಂಬ ಷೆಫ್ ನಡೆಸುವ ಜಾಗ. ಕೋವಿಡ್ ಕಾಲದಲ್ಲಿ ಟೋರ್ಟಿಯಾ ಮಾಡಿ ಮಾರುವುದರಿಂದ ಶುರುವಾದ ಕೆಲಸ ಅದು. ಅಲ್ಲಿ ಊಟದ ನಡುವಿನ ವಸ್ತು ಒಂದೇ: ಮೆಕ್ಸಿಕೋದ ನಾಟಿ ತಳಿಗಳ ಮೆಕ್ಕೆಜೋಳ. ನೀವು ಕಾರ್ನ್ ಅನ್ನುವುದು. ನಮ್ಮ ಹಾವೇರಿ ಕಡೆ ಅದಕ್ಕೆ ಗೋವಿನಜೋಳ ಅನ್ನುತ್ತೇವೆ.

ಸಂಜೆಯ ಊಟ ಟೇಸ್ಟಿಂಗ್ ಮೆನು. ನಿಮಗೆ ಇದು ಹೊಸದಲ್ಲ. ಆದರೆ ನಿಮ್ಮ ಅಪ್ಪ ಅಮ್ಮನಿಗೆ ಹೊಸದಿರಬಹುದು, ಅದಕ್ಕೆ ಒಂದು ಮಾತು. ಇಲ್ಲಿ ಗಿರಾಕಿ ಆರಿಸುವಂತಿಲ್ಲ. ಇವತ್ತು ಏನು, ಎಷ್ಟು, ಯಾವುದರ ನಂತರ ಯಾವುದು ಎಂದು ಅಡುಗೆಯವರೇ ತೀರ್ಮಾನ ಮಾಡಿರುತ್ತಾರೆ. ಒಂದೊಂದೂ ಎರಡು ಮೂರು ತುತ್ತು. ಒಂದು ಮುಗಿದ ಮೇಲೆ ಇನ್ನೊಂದು. ಎರಡು ಗಂಟೆ, ಕೆಲವು ಕಡೆ ಮೂರು ಗಂಟೆ ನಡೆಯುತ್ತದೆ. ಫ್ರಾನ್ಸಿನಲ್ಲಿ 1970ರ ದಶಕದ ಹೊಸ ಅಡುಗೆಯವರು ಇದನ್ನು ಜನಪ್ರಿಯ ಮಾಡಿದರು. ಜಪಾನಿನಲ್ಲಿ ಇದೇ ಬಗೆಯ ಊಟಕ್ಕೆ ಅದಕ್ಕಿಂತ ಬಹಳ ಹಳೆಯ ಪದ್ಧತಿ ಇದೆ.

ನಮಗೂ ಇದೆ. ಅದು ಆ ಸಂಜೆ ನನಗೆ ಹೊಳೆಯಲಿಲ್ಲ. ಊರಿನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಯಾರಾದರೂ ನಮ್ಮ ಕೈಗೆ ಮೆನು ಕೊಟ್ಟಿದ್ದಾರೆಯೇ? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಅಂತ ಅವರು ಬಡಿಸುತ್ತ ಹೋಗುತ್ತಾರೆ, ನಾವು ಉಣ್ಣುತ್ತ ಹೋಗುತ್ತೇವೆ. ಕೊನೆಗೆ ಮಜ್ಜಿಗೆ ಬಂದರೆ ಊಟ ಮುಗಿಯಿತು ಅಂತ ಅರ್ಥ. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಬಡಿಸುವವರು ಮತ್ತೆ ಬರುತ್ತಾರೆ, ಸಾಕು ಸಾಕು ಅಂತ ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬೀಳುತ್ತದೆ. ಟೇಸ್ಟಿಂಗ್ ಮೆನುವಿನಲ್ಲಿ ಎರಡನೇ ಸಲ ಬಡಿಸುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೂರನೆಯದೋ ನಾಲ್ಕನೆಯದೋ ಬಂತು. ಅಂಗೈಗಿಂತ ಚಿಕ್ಕದಾದ ಒಂದು ನೀಲಿ ಟೋರ್ಟಿಯಾ, ಅದರ ಮೇಲೆ ಏನೋ ಸ್ವಲ್ಪ. ಒಂದೇ ತುತ್ತಿಗೆ ಮುಗಿಯಿತು. ಅಷ್ಟರಲ್ಲಿ ನಾನು ಮೇಜಿನ ಕೆಳಗೆ ಫೋನಿನಲ್ಲಿ ಬೆಲೆ ನೋಡಿದ್ದೆ. ಒಬ್ಬರಿಗೆ ನೂರು ಡಾಲರ್ ದಾಟಿತ್ತು. ಮೂರು ಜನ. ಮೇಲೆ ಟ್ಯಾಕ್ಸು, ಟಿಪ್ಸು. ತಲೆಯೊಳಗೆ ಅದು ರೂಪಾಯಿ ಆಯಿತು. ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ಆದರೂ ನನ್ನ ತಲೆಯೊಳಗಿನ ಆ ಲೆಕ್ಕದ ಯಂತ್ರ ನಿಂತಿಲ್ಲ. ಬಾಯಿಂದ ಮಾತು ಬಂದೇ ಬಿಟ್ಟಿತು. "ಗೋವಿನಜೋಳಕ್ಕೆ ಇಷ್ಟು ದುಡ್ಡಾ? ನಮ್ಮೂರಾಗ ಇದನ್ನ ಕೋಳಿಗೆ ಹಾಕ್ತಾರ."

ಕನ್ನಡದಲ್ಲೇ ಅಂದೆ, ಬಡಿಸುವವರಿಗೆ ಗೊತ್ತಾಗಲಿಲ್ಲ. ಗೊತ್ತಾಗಬಾರದವಳಿಗೆ ಗೊತ್ತಾಯಿತು. ಮಗಳು ನೀರು ಕುಡಿದಳು. ಅವಳ ಅಮ್ಮ ನನ್ನ ಕಾಲು ತುಳಿದಳು. ಆದರೂ ನಾನು ನಿಲ್ಲಿಸಲಿಲ್ಲ. ಮುಂದಿನ ಪ್ರತಿ ತಟ್ಟೆಗೂ ಒಂದೊಂದು ಟೀಕೆ. ಇದಕ್ಕಿಂತ ಅವ್ವನ ರೊಟ್ಟಿ ಮೇಲು, ಮನೆಗೆ ಹೋಗಿ ಮೊಸರನ್ನ ಉಣ್ಣಬೇಕಾಗುತ್ತದೆ, ಹೀಗೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಮೊದಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಬಿಲ್ ಕೊಟ್ಟಳು.

ವಾಪಸ್ ಬರುವಾಗ ಕೇಟಿ ದಾಟುವವರೆಗೂ ಕಾರಿನಲ್ಲಿ ಮಾತಿಲ್ಲ. ಮನೆ ಹತ್ತಿರ ಬಂದಾಗ ಅವಳು ರಸ್ತೆ ನೋಡುತ್ತಲೇ ಹೇಳಿದಳು. "ಅಪ್ಪಾ, ಆ ಜಾಗ ನನಗೆ ಎಲ್ಲಕ್ಕಿಂತ ಇಷ್ಟ. ಫ್ರೆಂಡ್ಸ್ ಜೊತೆ ಹೋಗಿದ್ದೆ. ಅವರು ಜೋಳದ ಬಗ್ಗೆ ಮಾತಾಡೋದು ಕೇಳಿದಾಗ ನಿನ್ನ ನೆನಪಾಯ್ತು. ನೀನು ಯಾವಾಗಲೂ ಜೋಳ, ರೊಟ್ಟಿ, ಹೊಲ ಅಂತ ಹೇಳ್ತೀಯಲ್ಲ. ಅದಕ್ಕೇ ಕರೆದುಕೊಂಡು ಹೋದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮೊದಲ ಸಂಬಳದ ಊಟವನ್ನು ನಾನು ತಕ್ಕಡಿಯಲ್ಲಿ ತೂಗಿ, ಕಡಿಮೆ ಬಿತ್ತು ಅಂತ ವಾಪಸ್ ಕೊಟ್ಟಿದ್ದೆ.

ಹಾವೇರಿ, ದಾವಣಗೆರೆ ಕಡೆ ನೀವು ಮಳೆಗಾಲದಲ್ಲಿ ಹೋದರೆ ರಸ್ತೆಯ ಎರಡೂ ಕಡೆ ಗೋವಿನಜೋಳವೇ. ಬೆಳೆದದ್ದರಲ್ಲಿ ಬಹುಪಾಲು ಕೋಳಿ ಆಹಾರದ ಕಾರ್ಖಾನೆಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಎಳೆಯ ತೆನೆಯನ್ನು ಸುಟ್ಟು ತಿನ್ನುತ್ತೇವೆ, ಅಷ್ಟೆ. ನಮಗೆ ಜೋಳ ಅಂದರೆ ಬಿಳಿ ಜೋಳ, ಇಲ್ಲಿನವರು ಸೋರ್ಗಮ್ ಅನ್ನುವುದು. ಬಿಳಿ ಜೋಳದ ರೊಟ್ಟಿ ಮನುಷ್ಯರದು, ಗೋವಿನಜೋಳ ಹೆಸರಿಗೆ ತಕ್ಕಂತೆ ದನಕರುಗಳದು, ಕೋಳಿಗಳದು. ಆ ಮೇಲುಕೀಳು ನನ್ನ ನಾಲಗೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಕೆಲವು ತಿಂಗಳು ಕಳೆಯಿತು. 2024ರ ನವೆಂಬರ್ 11ರಂದು ಮಿಷೆಲಿನ್ ಗೈಡ್ ಮೊದಲ ಬಾರಿಗೆ ಟೆಕ್ಸಾಸಿನ ಪಟ್ಟಿ ಹೊರತಂದಿತು. ಟೈರು ಮಾಡುವ ಫ್ರೆಂಚ್ ಕಂಪನಿ 1900ರಲ್ಲಿ ಕಾರು ಓಡಿಸುವವರಿಗಾಗಿ ಶುರು ಮಾಡಿದ ಪುಸ್ತಕ ಅದು. 1926ರಿಂದ ನಕ್ಷತ್ರ ಕೊಡುತ್ತಿದ್ದಾರೆ. ಟೆಕ್ಸಾಸಿನ ಹದಿನೈದು ರೆಸ್ಟೋರೆಂಟುಗಳಿಗೆ ಒಂದೊಂದು ನಕ್ಷತ್ರ ಬಂತು. ಡಲ್ಲಾಸಿಗೆ ಒಂದು, ಸ್ಯಾನ್ ಆಂಟೋನಿಯೋಗೆ ಒಂದು, ಆಸ್ಟಿನ್ನಿಗೆ ಏಳು. ಹ್ಯೂಸ್ಟನ್ ಕಡೆಯ ಆರರಲ್ಲಿ ಗ್ಯಾಲರಿಯಾದ ಭಾರತೀಯ ರೆಸ್ಟೋರೆಂಟ್ ಮುಸಾಫಿರ್ ಇತ್ತು, ಸ್ಪ್ರಿಂಗ್‌ನ ಒಂದು ಬಾರ್ಬೆಕ್ಯೂ ಅಂಗಡಿ ಇತ್ತು. ಟಾಟೆಮೋ ಕೂಡ ಇತ್ತು.

ನಾನು ಏನು ಮಾಡಿದೆ ಗೊತ್ತಾ? ಆ ಸುದ್ದಿಯನ್ನು ವಾಟ್ಸಾಪಿನ ಎಲ್ಲ ಗುಂಪುಗಳಿಗೂ ಕಳಿಸಿದೆ. "ನಕ್ಷತ್ರ ಬರುವ ಮೊದಲೇ ನಮ್ಮ ಮಗಳು ನಮ್ಮನ್ನು ಇಲ್ಲಿಗೆ ಕರೆದುಕೊಂಡು ಹೋಗಿದ್ದಳು" ಅಂತ ಜಂಬದಿಂದ ಬರೆದೆ. ಮನೆಯ ಗುಂಪಿನಲ್ಲಿ ಮಗಳಿಂದ ಬಂದದ್ದು ಒಂದು ಹೆಬ್ಬೆರಳು ಮಾತ್ರ. ಆ ಹೆಬ್ಬೆರಳನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಮಗಳ ಮಾತಿಗೆ ಸಿಗದ ಬೆಲೆ ಟೈರ್ ಕಂಪನಿಯ ಮಾತಿಗೆ ಸಿಕ್ಕಿತ್ತು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಎಲ್ಲ ಹೇಳಿದೆ. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಗೋವಿನಜೋಳಕ್ಕೆ ಅಷ್ಟು ದುಡ್ಡು ಅಂದರೆ ಅವಳೂ ಬೆರಗಾಗುತ್ತಾಳೆ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

"ಎಪ್ಪತ್ತೆರಡರ ಬರದಾಗ ನಮ್ಮ ಮನ್ಯಾಗ ಬಿಳಿ ಜೋಳ ಅನ್ನೋದೇ ಇರಲಿಲ್ಲ. ರೇಷನ್ ಅಂಗಡ್ಯಾಗ ಅಮೆರಿಕಾದ ಕೆಂಪ ಜೋಳ ಕೊಡತಿದ್ರು. ಅಲ್ಲೆ ಇದನ್ನ ದನಕ್ಕ ಹಾಕ್ತಾರಂತ ಅಂತ ಮಂದಿ ನಗತಿದ್ರು. ರೊಟ್ಟಿ ಬಡಿದ್ರ ಹರೀತಿತ್ತು. ಕುದಿಯೋ ನೀರು ಹಾಕಿ, ಮತ್ತ ಮತ್ತ ನಾದಿ ಬಡೀತಿದ್ದೆ. ನೀ ಆಗ ಮೂರ ವರ್ಷದಾವ. ಅದನ್ನ ತಿಂದ ಬೆಳದೀ."

ನಾನು ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು. "ಮಗಳು ಉಣ್ಣಾಕ ಕರದಳು ಅಂದ್ರ ಉಂಡ ಬರಬೇಕು. ತಕ್ಕಡಿ ಹಿಡಕೊಂಡ ಕುಂದ್ರಬಾರದು."

ಆ ಕೆಂಪು ಜೋಳದ ಕಥೆ ನಿಮಗೆ ಹೇಳಬೇಕು. 1954ರಲ್ಲಿ ಅಮೆರಿಕ ಪಿಎಲ್-480 ಎಂಬ ಕಾನೂನು ಮಾಡಿತು. ಅದರಡಿ ತನ್ನಲ್ಲಿ ಮಿಕ್ಕಿದ ಧಾನ್ಯವನ್ನು ಬಡ ದೇಶಗಳಿಗೆ ಕಳಿಸುತ್ತಿತ್ತು. ಭಾರತಕ್ಕೆ ಮುಖ್ಯವಾಗಿ ಗೋಧಿ ಬಂತು. ಬರಗಾಲದ ವರ್ಷಗಳಲ್ಲಿ ಗೋಧಿಯ ಜೊತೆ ಮೈಲೋ ಎಂಬ ಕೆಂಪು ಜೋಳವೂ ಅಮೆರಿಕದಿಂದ ಬಂತು. 1972ರ ಬರ ದಖ್ಖನ್ ಸೀಮೆಯನ್ನು ಬಹಳ ಕಾಡಿದ ಬರ. ನಮ್ಮ ಊರು ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ದನದ ಮೇವು ಅಂತ ನಗುತ್ತಲೇ, ಬೇರೆ ದಾರಿಯಿಲ್ಲದೆ ಜನ ಅದನ್ನು ಉಂಡರು. ನಾನೂ ಉಂಡಿದ್ದೆ. ಟಾಟೆಮೋದ ಮೇಜಿನ ಮುಂದೆ ನನ್ನ ಬಾಯಿಂದ ಬಂದ "ಕೋಳಿಗೆ ಹಾಕ್ತಾರ" ಎಂಬ ಮಾತು ನನ್ನದಲ್ಲ, ಆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರದು. ಅವರು ನಕ್ಕದ್ದು ಅವಮಾನ ಮರೆಯಲು. ನಾನು ಆ ನಗುವನ್ನು ಮಾತ್ರ ಹೊತ್ತುಕೊಂಡು ಬಂದು ಮಗಳ ತಟ್ಟೆಗೆ ಹಾಕಿದ್ದೆ.

ಅಂದಿನಿಂದ ಈ ಮೆಕ್ಕೆಜೋಳದ ಬಗ್ಗೆ ಓದಲು ಶುರು ಮಾಡಿದೆ. ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು.

ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿನ ಜನ ಒಂದು ಕಾಡುಹುಲ್ಲನ್ನು ಆರಿಸಿ ಆರಿಸಿ ಬೆಳೆಸಿ ಈ ಬೆಳೆ ಮಾಡಿಕೊಂಡರು. ಆದರೆ ಅವರು ಕಾಳನ್ನು ನೇರವಾಗಿ ಬೀಸಿ ತಿನ್ನುವುದಿಲ್ಲ. ಸುಣ್ಣ ಹಾಕಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೊಳೆಯುತ್ತಾರೆ. ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಲ್ಲಿನಲ್ಲಿ ಅರೆದು ಹಿಟ್ಟು ಮಾಡುತ್ತಾರೆ. ಇದಕ್ಕೆ ನಿಕ್ಸ್ಟಮಾಲ್ ಎಂದು ಹೆಸರು, ಆ ಹಿಟ್ಟಿಗೆ ಮಾಸಾ ಎಂದು. ಸುಣ್ಣ ಅಂದರೆ ಬೇರೆ ಏನೋ ಅಲ್ಲ. ನಿಮ್ಮ ಅಜ್ಜಿ ಎಲೆ ಅಡಿಕೆಗೆ ಹಚ್ಚಿಕೊಳ್ಳುತ್ತಿದ್ದರಲ್ಲ, ಅದೇ ಸುಣ್ಣ.

ಯುರೋಪಿನವರು ಅಮೆರಿಕಕ್ಕೆ ಬಂದಾಗ ಈ ಕಾಳನ್ನು ಕಂಡರು, ಹಡಗಿನಲ್ಲಿ ತುಂಬಿಕೊಂಡು ಹೋದರು. ಸುಣ್ಣದ ಕೆಲಸವನ್ನು ಕೇಳಿ ಕಲಿಯಲಿಲ್ಲ. ಅದು ಅಡುಗೆಮನೆಯ ಹೆಂಗಸರ ಕೆಲಸ, ಅದರಲ್ಲೇನಿದೆ ಅಂತ ಬಿಟ್ಟಿರಬೇಕು. ಮೆಕ್ಕೆಜೋಳವೇ ಬಡವರ ಮುಖ್ಯ ಆಹಾರವಾದ ಕಡೆಗಳಲ್ಲಿ ಒಂದು ರೋಗ ಕಾಣಿಸಿಕೊಂಡಿತು. ಚರ್ಮ ಸುಲಿಯುತ್ತದೆ, ಹೊಟ್ಟೆ ಕೆಡುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಜೀವ ಹೋಗುತ್ತದೆ. ಸ್ಪೇನಿನ ವೈದ್ಯ ಗ್ಯಾಸ್ಪರ್ ಕ್ಯಾಸಲ್ 1735ರಲ್ಲಿ ಅದನ್ನು ಗುರುತಿಸಿದರು. ಆಮೇಲೆ ಇಟಲಿಯಲ್ಲಿ ಅದಕ್ಕೆ ಪೆಲಾಗ್ರಾ ಎಂಬ ಹೆಸರು ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಬಡವರನ್ನು, ಅನಾಥಾಲಯದ ಮಕ್ಕಳನ್ನು ಅದು ಕಾಡಿತು. ಜನ ಅದನ್ನು ಸೋಂಕು ಅಂದುಕೊಂಡಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಇದು ಸೋಂಕಲ್ಲ, ಊಟದ ಕೊರತೆ ಎಂದು ತೋರಿಸತೊಡಗಿದರು. 1937ರಲ್ಲಿ ಆ ಕೊರತೆ ನಯಾಸಿನ್ ಎಂಬ ವಿಟಮಿನ್ನಿನದು ಎಂದು ಖಚಿತವಾಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ, ಆದರೆ ಬಿಗಿದುಕೊಂಡಿರುತ್ತದೆ, ನಮ್ಮ ದೇಹಕ್ಕೆ ಸಿಗುವುದಿಲ್ಲ. ಅದನ್ನು ಬಿಡಿಸಿ ಕೊಡುವುದು ಆ ಒಂದು ಹಿಡಿ ಸುಣ್ಣ.

ಕಾಳು ಸಮುದ್ರ ದಾಟಿತು. ಅದನ್ನು ಊಟ ಮಾಡುವ ತಿಳಿವಳಿಕೆ ಆಚೆ ದಡದಲ್ಲೇ ಉಳಿಯಿತು. ಅದನ್ನು ಓದಿದ ರಾತ್ರಿ ನಮ್ಮ ಮನೆಯ ಅಡುಗೆಮನೆಯ ಕಪಾಟು ತೆಗೆದು ನೋಡಿದೆ. ಜೋಳದ ಹಿಟ್ಟಿನ ಪ್ಯಾಕೆಟ್ ಇತ್ತು. ವರ್ಷದಿಂದ ಅಲ್ಲೇ ಇತ್ತು.

2025ರ ವಸಂತದಲ್ಲಿ ಮಗಳಿಗೆ ಹೇಳಿದೆ. "ಮತ್ತೆ ಅಲ್ಲಿಗೆ ಹೋಗೋಣ. ಈ ಸಲ ನಾನು ಕರೆದುಕೊಂಡು ಹೋಗ್ತೀನಿ." ಅವಳು ಅನುಮಾನದಿಂದ ನೋಡಿದಳು. "ನಿಜವಾಗಲೂ? ಯಾಕೆ?" ಅಂದಳು. "ಹೋದ ಸಲ ನಾನು ಊಟ ಮಾಡಲೇ ಇಲ್ಲ," ಅಂದೆ. ಹೊರಡುವ ಮುಂಚೆ ಹೆಂಡತಿ ಒಂದು ಷರತ್ತು ಹಾಕಿದಳು. "ರೀ, ರೇಟು ಬಾಯಿಗೆ ಬಂದ್ರೆ ಒಂದು ಗುಟುಕು ನೀರು ಕುಡೀರಿ." ಆ ಸಂಜೆ ನಾನು ಎರಡು ಸಲ ನೀರು ಕುಡಿದೆ, ಸುಳ್ಳು ಹೇಳುವುದಿಲ್ಲ.

ಅದೇ ಸ್ಟ್ರಿಪ್ ಮಾಲ್, ಅದೇ ಬಾಗಿಲು. ಮೊದಲ ತಟ್ಟೆ ಮೇಜಿಗೆ ಬಂದಾಗ ಒಂದು ವಾಸನೆ ಮೂಗಿಗೆ ತಾಗಿತು. ಹೋದ ಸಲವೂ ಅದು ಇದ್ದಿರಬೇಕು, ನಾನು ಫೋನಿನಲ್ಲಿ ಬೆಲೆ ಹುಡುಕುತ್ತಿದ್ದೆ. ದೀಪಾವಳಿಗೆ ಮುಂಚೆ ಊರಿನ ಮನೆಗೆ ಸುಣ್ಣ ಬಳಿಯುತ್ತಿದ್ದರು. ಹಸಿ ಗೋಡೆಯಿಂದ ತಣ್ಣಗೆ ಒಂದು ವಾಸನೆ ಬರುತ್ತಿತ್ತು. ಅದೇ ವಾಸನೆ, ಆದರೆ ತಿನ್ನುವ ವಸ್ತುವಿನಲ್ಲಿ, ಹಂಚಿನ ಮೇಲೆ ಸುಟ್ಟ ಕಾಳಿನ ಜೊತೆ. ಬಡಿಸಲು ಬಂದ ಹುಡುಗನನ್ನು ಕೇಳಿದೆ, ಎಷ್ಟು ಹೊತ್ತು ನೆನೆಸುತ್ತೀರಿ ಅಂತ. ಅವನ ಮುಖ ಅರಳಿತು. ರಾತ್ರಿಯಿಡೀ ಅಂದ. ಆಮೇಲೆ ಕೇಳದೆಯೇ ಎಷ್ಟೋ ಹೇಳಿದ. ಮಗಳು ತಟ್ಟೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಒಂದಾದ ಮೇಲೊಂದು ಬಂತು. ಪ್ರತಿಯೊಂದರಲ್ಲೂ ಜೋಳ, ಒಂದೊಂದರಲ್ಲೂ ಬೇರೆ ರೂಪ. ನಾನು ಕಾಯುತ್ತಿದ್ದದ್ದು ಒಂದೇ ತಟ್ಟೆಗೆ. ಅಂದು ನಾನು ಅಣಕಿಸಿದ ಆ ನೀಲಿ ತುಂಡಿಗೆ. ಅದು ಬರಲಿಲ್ಲ. ಸಿಹಿ ಬಂದಾಗ ಮಗಳು ಕೇಳಿದಳು, "ಅಪ್ಪಾ, ಏನು ಹುಡುಕ್ತಿದ್ದೀಯ?"

"ಹೋದ ಸಲದ ಆ ಸಣ್ಣ ನೀಲಿ ರೊಟ್ಟಿ."

"ಅದು ಈಗ ಇಲ್ಲ ಅಪ್ಪಾ. ಮೆನು ಬದಲಾಗಿದೆ."

ಇಷ್ಟವಾದ ರೆಸ್ಟೋರೆಂಟಿಗೆ ಮತ್ತೆ ಹೋಗುವವರು ಇದನ್ನು ತಿಳಿದಿರಬೇಕು. ಟೇಸ್ಟಿಂಗ್ ಮೆನುವಿನಲ್ಲಿ ನಿನ್ನೆಯದನ್ನು ಕೇಳಿ ತರಿಸಿಕೊಳ್ಳಲು ಆಗುವುದಿಲ್ಲ. ಅವತ್ತು ಬಡಿಸಿದ್ದನ್ನು ಅವತ್ತೇ ಉಣ್ಣಬೇಕು. ನಾನು ಅದನ್ನು ತಿಂದದ್ದು ನಿಜ. ಆದರೆ ಅದರ ರುಚಿ ಏನು ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಬೆಲೆ ಮಾತ್ರ ನೆನಪಿದೆ.

ಬೆಲೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಅಪ್ಪ ಅಮ್ಮ ಖಂಡಿತ ಕೇಳುತ್ತಾರೆ. ಇಂಥ ಊಟದಲ್ಲಿ ಕಾಳಿನ ಬೆಲೆ ಸಣ್ಣದು, ಕೈಗಳ ಬೆಲೆ ದೊಡ್ಡದು. ಕೂರುವವರು ಕಡಿಮೆ, ಒಳಗೆ ಕೆಲಸ ಮಾಡುವವರು ಆ ಲೆಕ್ಕಕ್ಕೆ ಹೆಚ್ಚು. ಹಿಂದಿನ ದಿನವೇ ನೆನೆಸಿ, ಬೆಳಿಗ್ಗೆ ತೊಳೆದು ಅರೆದದ್ದು ಆ ಸಂಜೆಗೆ ಮಾತ್ರ. ಅದಕ್ಕೇ ಇಂಥ ಎಷ್ಟೋ ಕಡೆ ಕಾದಿರಿಸುವಾಗಲೇ ಹಣ ತೆಗೆದುಕೊಳ್ಳುತ್ತಾರೆ, ಬಾರದೇ ಹೋದರೆ ನೆನೆದ ಕಾಳು ವಾಪಸ್ ಹೋಗುವುದಿಲ್ಲವಲ್ಲ. ಅವ್ವ ಬೆಳಿಗ್ಗೆ ಐದಕ್ಕೆ ಎದ್ದು ಮೂವತ್ತು ರೊಟ್ಟಿ ಬಡಿಯುತ್ತಿದ್ದಳು. ಆ ಕೈಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ. ಅದಕ್ಕೇ ನನಗೆ ರೊಟ್ಟಿ ಪುಕ್ಕಟೆ ಅನ್ನಿಸಿತ್ತು. ಬೆಲೆ ಬರೆದ ಚೀಟಿ ಕಂಡ ಕೂಡಲೇ ದುಬಾರಿ ಅನ್ನಿಸಿತು.

ಇಷ್ಟು ಹೇಳಿದೆ ಅಂತ ಎಲ್ಲರೂ ಇಂಥ ಊಟಕ್ಕೆ ಖರ್ಚು ಮಾಡಬೇಕು ಅಂತ ಅಲ್ಲ. ಸಾಲ ಇದ್ದವರು, ಬಾಡಿಗೆ ಕಟ್ಟುವವರು ಹೋಗಬೇಕಾಗಿಲ್ಲ. ನಾನು ಹೇಳುತ್ತಿರುವುದು ಕರೆದ ಮೇಲೆ ಹೇಗೆ ಕೂರಬೇಕು ಎಂಬುದನ್ನು.

ಆ ವರ್ಷ ಜೂನ್ ತಿಂಗಳಲ್ಲಿ ಇನ್ನೊಂದು ಘಟನೆ. ಫುಲ್‌ಶೀರ್ ಹೇಗೆ ಬೆಳೆದಿದೆ ನಿಮಗೆ ಗೊತ್ತು. 2010ರ ಜನಗಣತಿಯಲ್ಲಿ 1,134 ಜನ ಇದ್ದ ಊರು 2020ಕ್ಕೆ 16,856 ಆಯಿತು. ನಮ್ಮ ಮನೆ ಇರುವ ಜಾಗವೂ ಒಂದು ಕಾಲಕ್ಕೆ ಹೊಲ, ಹುಲ್ಲುಗಾವಲು ಇದ್ದಿರಬೇಕು. ಆದರೆ ದಕ್ಷಿಣಕ್ಕೆ ನೀಡ್‌ವಿಲ್ ಕಡೆ ಹೋದರೆ ಹೊಲಗಳು ಇನ್ನೂ ಇವೆ. ಅವತ್ತು ಆ ಕಡೆ ಹೋಗುತ್ತಿದ್ದಾಗ ರಸ್ತೆ ಪಕ್ಕ ಆಳೆತ್ತರಕ್ಕಿಂತ ಕಡಿಮೆ ಎತ್ತರದ ಬೆಳೆ ಕಂಡಿತು. ನೆತ್ತಿಯ ಮೇಲೆ ಕಂದುಗೆಂಪು ತೆನೆ. ಕಾರು ನಿಲ್ಲಿಸು ಅಂತ ಮಗಳಿಗೆ ಹೇಳಿದೆ. ಇಳಿದು ಬೇಲಿಯ ಹತ್ತಿರ ನಿಂತು ನೋಡಿದೆ.

ಜೋಳ. ಮೆಕ್ಕೆಜೋಳ ಅಲ್ಲ, ನಮ್ಮ ಜೋಳದ ಕುಲದ್ದೇ. ಅವ್ವ ಹೇಳಿದ ಕೆಂಪು ಜೋಳ. ಅಮೆರಿಕದಲ್ಲಿ ಸೋರ್ಗಮ್ ಬೆಳೆಯುವುದರಲ್ಲಿ ಕಾನ್ಸಾಸ್ ಮೊದಲು, ಟೆಕ್ಸಾಸ್ ಎರಡನೆಯದು. ನಮ್ಮ ಫೋರ್ಟ್ ಬೆಂಡ್ ಕೌಂಟಿಯಲ್ಲೂ ಬೆಳೆಯುತ್ತಾರೆ. ಬಹುಪಾಲು ದನದ ಮೇವಿಗೆ, ಎಥನಾಲ್‌ಗೆ, ಹೊರದೇಶಕ್ಕೆ ಹೋಗುತ್ತದೆ. ಇಷ್ಟು ವರ್ಷ ಈ ರಸ್ತೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಇಳಿದು ನೋಡಿರಲಿಲ್ಲ.

ಮಗಳಿಗೆ ಹೇಳಿದೆ. "ನೋಡು, ನಮ್ಮೂರಿನಲ್ಲಿ ಮೆಕ್ಸಿಕೋದವರ ಅನ್ನವನ್ನು ಕೋಳಿಗೆ ಹಾಕ್ತೇವೆ. ಇಲ್ಲಿಯವರು ನಮ್ಮ ಅನ್ನವನ್ನು ದನಕ್ಕೆ ಹಾಕ್ತಾರೆ." ಅವಳು ನಕ್ಕು, "ಹಾಗಾದ್ರೆ ಯಾರೂ ಯಾರಿಗೂ ನಗೋ ಹಾಗಿಲ್ಲ," ಅಂದಳು. ಆಮೇಲೆ ಅವಳು ಕೇಳಿದ್ದು ನನಗೆ ಮುಖ್ಯ. "ಅಪ್ಪಾ, ಅವರು ಸುಣ್ಣ ಹಾಕ್ತಾರೆ. ಅಜ್ಜಿ ಏನು ಹಾಕ್ತಾರೆ?"

ಮನೆಗೆ ಬಂದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆವು. ನಿಮಗೂ ಹೇಳುತ್ತೇನೆ, ಕೇಳಿ. ಗೋಧಿಯಲ್ಲಿ ಗ್ಲೂಟನ್ ಇದೆ, ಹಿಟ್ಟು ತಾನಾಗಿ ಹಿಡಿದುಕೊಳ್ಳುತ್ತದೆ. ಜೋಳದಲ್ಲೂ ಇಲ್ಲ, ಮೆಕ್ಕೆಜೋಳದಲ್ಲೂ ಇಲ್ಲ. ತಣ್ಣೀರು ಹಾಕಿ ಕಲಸಿ ತಟ್ಟಿದರೆ ಅಂಚು ಬಿರಿಯುತ್ತದೆ. ಮೆಕ್ಸಿಕೋದ ಹೆಂಗಸರು ಈ ತೊಡಕನ್ನು ಸುಣ್ಣದಿಂದ ಬಿಡಿಸಿದರು. ನಮ್ಮವರು ಕುದಿಯುವ ನೀರಿನಿಂದ ಬಿಡಿಸಿದರು. ಅದಕ್ಕೆ ಎಸರು ಅನ್ನುತ್ತೇವೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎರಡೂ ಕಡೆ ತಟ್ಟುವುದು ಕೈಯಲ್ಲೇ, ಬೇಯಿಸುವುದು ಹಂಚಿನ ಮೇಲೆಯೇ, ಎರಡೂ ಸರಿಯಾಗಿ ಬೆಂದರೆ ಉಬ್ಬುತ್ತವೆ. ಸಾವಿರಾರು ಮೈಲಿ ದೂರದ, ಒಬ್ಬರನ್ನೊಬ್ಬರು ಕಾಣದ ಹೆಂಗಸರು ಒಂದೇ ಲೆಕ್ಕಕ್ಕೆ ಎರಡು ಉತ್ತರ ಕಂಡುಹಿಡಿದಿದ್ದಾರೆ.

ನಮ್ಮ ಪ್ಯಾಕೆಟಿನ ಹಿಟ್ಟು ತೋರಿಸಿದಾಗ ಅವ್ವ ಫೋನಿನಲ್ಲೇ ತಲೆ ಅಲ್ಲಾಡಿಸಿದಳು. "ಹಳೇ ಹಿಟ್ಟು. ಜಿಗಿ ಹೋಗೇತಿ. ಹೊಸಾದು ಬೀಸು." ಹಾಗಾಗಿ ಕಾಳು ತಂದೆವು, ಮನೆಯಲ್ಲೇ ಬೀಸಿದೆವು. ಮಗಳು ಬಡಿದ ಮೊದಲ ರೊಟ್ಟಿ ಮೂರು ತುಂಡಾಯಿತು. ಎರಡನೆಯದು ಟೆಕ್ಸಾಸಿನ ನಕಾಶೆಯ ಹಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನೀರಿನ ಲೋಟ ಮುಂದೆ ಇಟ್ಟಳು.

ಹಳೆಯ ಕನ್ನಡದಲ್ಲಿ, ಪಂಪನ ಕಾಲದ ಕನ್ನಡದಲ್ಲಿ, ಜೋಳವಾಳಿ ಎಂಬ ಮಾತಿದೆ. ಯಾರ ಜೋಳ ಉಂಡೆವೋ ಅವರಿಗೆ ನಿಷ್ಠೆಯಿಂದ ಇರುವುದು, ಆ ಋಣ ತೀರಿಸುವುದು ಅಂತ ಅರ್ಥ. ಆಗ ಅದು ಯೋಧರ ಮಾತು, ಅರಸನ ಅನ್ನ ಉಂಡವರು ಅವನಿಗಾಗಿ ಜೀವ ಕೊಡುವ ಮಾತು. ನನ್ನ ಲೆಕ್ಕದಲ್ಲಿ ಈಗ ಮೂರು ಋಣಗಳಿವೆ. ಹರಿಯುವ ಕೆಂಪು ಹಿಟ್ಟನ್ನು ನಾದಿ ನಾದಿ ಬಡಿದ ಅವ್ವನದು. ಆ ಕಾಳನ್ನು ಇಲ್ಲೆಲ್ಲೋ ಬೆಳೆದ, ನಾನು ಹೆಸರು ತಿಳಿಯದ ರೈತನದು. ಮತ್ತೆ, ಮೊದಲ ಸಂಬಳದಲ್ಲಿ ಅಪ್ಪನಿಗೆ ಅವನದೇ ಊರಿನ ನೆನಪು ಬಡಿಸಲು ಹೋದ ಹುಡುಗಿಯದು.

ಈಗ ನಿಮಗೆ ಎರಡು ಮಾತು. ನೀವೂ ಒಂದು ದಿನ ನಿಮ್ಮ ಅಪ್ಪ ಅಮ್ಮನನ್ನು ಇಂಥ ಊಟಕ್ಕೆ ಕರೆದುಕೊಂಡು ಹೋಗುತ್ತೀರಿ. ಮೊದಲೇ ಹೇಳಿಡಿ, ಎರಡು ಮೂರು ಗಂಟೆ ಆಗುತ್ತದೆ, ತುತ್ತು ಚಿಕ್ಕದಿರುತ್ತದೆ, ಆದರೆ ಹಲವು ಬರುತ್ತವೆ ಅಂತ. ಸಸ್ಯಾಹಾರವೋ, ಮೊಟ್ಟೆ ಬೇಡವೋ, ಈರುಳ್ಳಿ ಬೆಳ್ಳುಳ್ಳಿ ಬೇಡವೋ, ಕಾದಿರಿಸುವಾಗಲೇ ಕೇಳಿಕೊಳ್ಳಿ. ಅವರಿಗೆ ಹೊಂದಿಸಲು ಆಗದಿದ್ದರೆ ಬೇರೆ ಜಾಗ ನೋಡಿ, ಅಲ್ಲಿ ಹೋಗಿ ಅಮ್ಮನನ್ನು ಉಪವಾಸ ಕೂರಿಸಬೇಡಿ. ಅಪ್ಪ ಬೆಲೆ ಕೇಳಿ ಗೊಣಗಿದರೆ, ಆ ಕ್ಷಣಕ್ಕೆ ಬೇಜಾರಾಗುತ್ತದೆ, ಆಗಲಿ. ಆದರೆ ಆ ಗೊಣಗಾಟದ ಹಿಂದೆ ಒಂದು ರೇಷನ್ ಅಂಗಡಿಯ ಸಾಲು ಇರಬಹುದು. ಒಂದು ದಿನ ಬಿಟ್ಟು ಕೇಳಿ, ಚಿಕ್ಕವನಿದ್ದಾಗ ಏನು ತಿನ್ನುತ್ತಿದ್ದೆ ಅಂತ. ಅವರಿಗೆ ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಅಜ್ಜಿ ಇರುವಾಗಲೇ ಕೇಳಿ.

ಇನ್ನೊಂದು. ಮೊದಲ ಸಲ ಊಟ ಕೆಟ್ಟರೆ ಅಲ್ಲಿಗೇ ಬಿಡಬೇಡಿ. ನನ್ನ ಮಗಳು ಎರಡನೇ ಸಲ ಬರುವುದಿಲ್ಲ ಅಂದಿದ್ದರೆ ನನ್ನ ಕಥೆ ಆ ಕಾರಿನ ಮೌನದಲ್ಲೇ ಮುಗಿಯುತ್ತಿತ್ತು. ಅವಳು ಬಂದಳು. ಆ ಉಪಕಾರಕ್ಕೆ ನಾನು ಇನ್ನೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಅವಳೂ ಈ ಕಾರ್ಯಕ್ರಮ ಕೇಳುತ್ತಾಳೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮುಂದಿನ ಶನಿವಾರ ನಮ್ಮ ಮನೆಯಲ್ಲಿ ರೊಟ್ಟಿ ಊಟ. ಮಗಳ ರೊಟ್ಟಿ ಈಗ ದುಂಡಗಾಗುತ್ತಿವೆ, ಹತ್ತರಲ್ಲಿ ಆರು ಉಬ್ಬುತ್ತವೆ. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಮೊಸರು ಇರುತ್ತದೆ. ಮೆನು ಇಲ್ಲ, ಬಡಿಸಿದ್ದನ್ನು ಉಣ್ಣಬೇಕು. ಎರಡನೇ ಸಲ ಬಡಿಸುತ್ತೇವೆ. ಫುಲ್‌ಶೀರ್, ಕೇಟಿ ಕಡೆ ಇರುವ ಹುಡುಗ ಹುಡುಗಿಯರು ಯಾರಾದರೂ ಬರುವುದಾದರೆ ಸ್ಟೇಷನ್ನಿಗೆ ಒಂದು ಮೆಸೇಜ್ ಹಾಕಿ, ಎಷ್ಟು ಹಿಟ್ಟು ಬೀಸಬೇಕು ಅಂತ ನಮಗೆ ಗೊತ್ತಾಗಬೇಕು.